ನಮ್ಮ ಬಚ್ಚಲ ನೀರಿನ ಕೆರೆ

ಅಮ್ಮ ಊರಿನಿಂದ ಮೊದಲ ಸಲ ಬಂದಾಗ ಬೆಳಗ್ಗೆ ಆರೂವರೆಗೆ ಅವಳನ್ನು ಬೆಂಗಳೂರಿನ ಜಕ್ಕೂರು ಕೆರೆಗೆ ಕರೆದುಕೊಂಡು ಹೋಗಿದ್ದೆ. ಫೆಬ್ರವರಿ ತಿಂಗಳು. ನೀರಿನ ಮೇಲೆ ತೆಳ್ಳಗೆ ಮಂಜು, ನಡುಗಡ್ಡೆಯ ಹತ್ತಿರ ಹೆಜ್ಜಾರ್ಲೆಗಳು, ಓಡುವವರು, ನಡೆಯುವವರು, ಮೊಣಕಾಲು ನೋವಿನ ಬಗ್ಗೆ ಜೋರಾಗಿ ಮಾತಾಡುತ್ತಾ ಕೈ ಬೀಸುವವರು. ಅಮ್ಮ ಏರಿಯ ಮೇಲೆ ನಿಂತು ಒಂದೆರಡು ನಿಮಿಷ ಸುಮ್ನೆ ನೋಡಿದಳು. 'ಎಷ್ಟು ಚೆನ್ನಾಗಿದೆ' ಅಂತಾಳೆ ಅಂತ ನಾನು ಕಾಯುತ್ತಿದ್ದೆ. ಊರಿನವರಿಗೆ ನಗರದ ಕೆರೆ ತೋರಿಸುವಾಗ ನಮಗೆಲ್ಲ ಒಂದು ಸಣ್ಣ ಜಂಬ ಇರುತ್ತದೆ, ನಾವೇ ಕಟ್ಟಿಸಿದ ಹಾಗೆ.

ಅವಳು ಕೇಳಿದ್ದು ಬೇರೆ. "ಇದಕ್ಕೆ ತೂಬು ಎಲ್ಲಿದೆ?"

ನನಗೆ ಗೊತ್ತಿರಲಿಲ್ಲ. ಮೂರು ವರ್ಷದಿಂದ ವಾರಕ್ಕೆ ನಾಲ್ಕು ದಿನ ಅದೇ ಏರಿಯ ಮೇಲೆ ನಡೆಯುತ್ತಿದ್ದೆ, ಎಷ್ಟು ಹೆಜ್ಜೆ ಆಯಿತು ಅಂತ ಕೈಗಡಿಯಾರದಲ್ಲಿ ನೋಡಿಕೊಳ್ಳುತ್ತಿದ್ದೆ, ಗದ್ದೆಗೆ ನೀರು ಬಿಡುವ ತೂಬು ಎಲ್ಲಿದೆ ಅಂತ ಒಂದು ದಿನವೂ ನೋಡಿರಲಿಲ್ಲ. ಅಮ್ಮನಿಗೆ ಆಶ್ಚರ್ಯವಾಯಿತು. ಗಂಡನ ಮನೆಗೆ ಹೋದ ಹುಡುಗಿಗೆ ಅಡುಗೆಮನೆ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಹೇಗೋ ಹಾಗೆ ನನ್ನ ಮುಖ ನೋಡಿದಳು. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ನೀರು ಯಾರ ಗದ್ದೆಗೆ ಹೋಗುತ್ತೆ? ಯಾರ ಗದ್ದೆಗೂ ಇಲ್ಲಮ್ಮ, ಈಗ ಗದ್ದೆ ಎಲ್ಲಿದೆ, ಎಲ್ಲಾ ಅಪಾರ್ಟ್‌ಮೆಂಟು. ಸರಿ, ಬರೋದು ಎಲ್ಲಿಂದ? ಸಂಕ್ರಾಂತಿ ಕಳೆದು ತಿಂಗಳಾಯಿತು, ಮಳೆ ಬಿದ್ದು ಎಷ್ಟೋ ದಿನ ಆಯಿತು, ನಮ್ಮೂರ ಕೆರೆ ಆಗಲೇ ಅರ್ಧಕ್ಕೆ ಇಳಿದಿದೆ, ಇದು ಹೇಗೆ ಹೀಗೆ ತುಂಬಿ ಕೂತಿದೆ?

ಇದು ನನಗೆ ಗೊತ್ತಿತ್ತು. ಉತ್ತರದ ತುದಿಗೆ ಕರೆದುಕೊಂಡು ಹೋಗಿ ಕೊಳಚೆ ನೀರು ಶುದ್ಧಮಾಡುವ ಘಟಕ ತೋರಿಸಿದೆ. ಊರಿನ ಕೊಳಚೆ ಇಲ್ಲಿಗೆ ಬರುತ್ತೆ, ಇಲ್ಲಿ ತೊಳೆದು ಅಲ್ಲಿ ಕಾಣುವ ಜೊಂಡಿನೊಳಗೆ ಬಿಡುತ್ತಾರೆ, ಜೊಂಡಿನಿಂದ ಸೋಸಿಕೊಂಡು ಕೆರೆಗೆ ಬರುತ್ತೆ ಅಂತ, ಯಾವುದೋ ಬೋರ್ಡಿನಲ್ಲಿ ಓದಿದ್ದನ್ನು ಹಾಗೇ ಒಪ್ಪಿಸಿದೆ.

"ಅಂದ್ರೆ ಬಚ್ಚಲ ನೀರು," ಅಂದಳು. ಒಂದು ನಿಮಿಷ ಬಿಟ್ಟು, "ನಿಮ್ಮನೇದೂ ಇದೆಯಾ ಇದರಲ್ಲಿ?"

ಇರಬಹುದು ಅಂದೆ. ಅಲ್ಲಿಂದ ಮನೆಗೆ ಬರುವವರೆಗೂ ಅವಳು ಕೆರೆಯ ಮಾತೆತ್ತಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಹೊರಗೆ ಬಂದವಳು ತಲೆ ಒರೆಸಿಕೊಳ್ಳುತ್ತಾ, "ಹೋಯ್ತು ನೋಡು, ಎರಡು ಬಕೆಟ್ ನಂದೂ ಕೆರೆಗೆ," ಅಂತ ನಕ್ಕಳು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅಲ್ಲಿಯವರೆಗೆ ನಾನು ಕೆರೆಯನ್ನು ನೋಡಲು ಹೋಗುವವನಾಗಿದ್ದೆ. ಕೆರೆ ಅಲ್ಲಿ, ನಾನು ಇಲ್ಲಿ, ನಡುವೆ ಒಂದು ಬೇಲಿ. ಆದರೆ ಲೆಕ್ಕ ಹಾಕಿ ನೋಡಿ. ಬೆಂಗಳೂರಿನ ನಲ್ಲಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಮೇಲಕ್ಕೆ, ಹಂತ ಹಂತವಾಗಿ ಪಂಪ್ ಮಾಡಿ, ಕರೆಂಟಿಗೆ ಕೋಟಿಗಟ್ಟಲೆ ಸುರಿದು. ಆ ನೀರಿನಲ್ಲಿ ನಾನು ಹಲ್ಲುಜ್ಜುತ್ತೇನೆ, ಪಾತ್ರೆ ತೊಳೆಯುತ್ತೇನೆ. ಅದು ಒಳಚರಂಡಿಗೆ ಇಳಿದು ಜಕ್ಕೂರಿನ ಘಟಕಕ್ಕೆ ಬಂದು ಕೆರೆಯಾಗುತ್ತದೆ. ತಮಾಷೆ ಏನೆಂದರೆ ಬೆಂಗಳೂರು ಕೂತಿರುವುದು ಒಂದು ದಿಣ್ಣೆಯ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಜಕ್ಕೂರು ಪಿನಾಕಿನಿ ಕಡೆಯದು. ಅಂದರೆ ಕೊಡಗಿನಲ್ಲಿ ಹುಟ್ಟಿದ ನೀರು ನಮ್ಮ ಬಚ್ಚಲಲ್ಲಿ ಜಾತಿ ಬದಲಿಸಿ ಬೇರೆ ನದಿಗೆ ಸೇರುತ್ತದೆ. ಎರಡು ರಾಜ್ಯ ಇಷ್ಟು ವರ್ಷ ಜಗಳವಾಡಿದ ನೀರು, ಪಾತ್ರೆಯ ಜಿಡ್ಡಿನ ಜೊತೆ ಇನ್ನೊಂದು ದಾರಿಯಲ್ಲಿ ತಮಿಳುನಾಡಿಗೇ ಹೋಗುತ್ತಿರುತ್ತದೆ.

ಈ ಘಟಕ ಶುರುವಿನಲ್ಲಿ ದಿನಕ್ಕೆ 1 ಕೋಟಿ ಲೀಟರಿನದು. 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 800ಕ್ಕೂ ಜಾಸ್ತಿ ಟ್ಯಾಂಕರ್, ದಿನಾ. ಸುಮಾರು 160 ಎಕರೆಯ ಕೆರೆ ಬೇಸಿಗೆಯಲ್ಲೂ ತುಂಬಿರುವುದರ ಗುಟ್ಟು ಇದು. ಕೆರೆ ತುಂಬಿ ನಿಂತ ಮೇಲೆ ಸುತ್ತಲಿನ ತೆರೆದ ಬಾವಿಗಳಲ್ಲಿ ನೀರು ಮೇಲೆ ಬಂದಿದೆ ಅಂತ ನೀರಿನ ಕೆಲಸದಲ್ಲಿ ಬಹಳ ವರ್ಷದಿಂದ ಇರುವ ಎಸ್. ವಿಶ್ವನಾಥ್ ಬರೆದಿದ್ದಾರೆ, ಮಾತಾಡಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಟಿ.ವಿ. ರಾಮಚಂದ್ರ ಅವರ ತಂಡ ಇಲ್ಲಿನ ನೀರನ್ನು ಪರೀಕ್ಷೆ ಮಾಡಿ, ಬೇರೆ ಕೆರೆಗಳಿಗೂ ಇದೊಂದು ಮಾದರಿ ಅಂತ ಹೇಳಿದೆ. ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದಾಗ, ವರ್ತೂರಿನ ನೊರೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಬಡಿದಾಗ, ನಾವು ಜಕ್ಕೂರಿನವರು ಸ್ವಲ್ಪ ಬೀಗುತ್ತಿದ್ದೆವು. ಅಲ್ಲಿಯದೂ ಬಚ್ಚಲ ನೀರೇ, ಇಲ್ಲಿಯದೂ ಬಚ್ಚಲ ನೀರೇ. ವ್ಯತ್ಯಾಸ ಇರುವುದು ನಡುವಿನ ಕೆಲಸದಲ್ಲಿ.

ಆ ನಡುವಿನ ಕೆಲಸ ಮಾಡುವವರು ಯಾರು ಅಂತ ನಾನು ತುಂಬ ತಡವಾಗಿ ತಿಳಿದುಕೊಂಡೆ. ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಇದೆ.

ನಮ್ಮ ವಾಕಿಂಗ್ ಗುಂಪಿಗೆ ಒಂದು ವಾಟ್ಸಾಪ್ ಗುಂಪು ಇದೆ. ಎಲ್ಲ ಕೆರೆಗೂ ಇರುತ್ತೆ, ಅಲ್ವಾ. ಬೆಳಗ್ಗೆ ಸೂರ್ಯೋದಯದ ಫೋಟೋ, ಮಧ್ಯಾಹ್ನ ದೂರು, ರಾತ್ರಿ ಜಗಳ. ಒಂದು ದಿನ ಯಾರೋ ಫೋಟೋ ಹಾಕಿದರು: ಜೊಂಡಿನ ಅಂಚಿನಲ್ಲಿ ಮೂರ್ನಾಲ್ಕು ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಹುಲ್ಲು ಕೊಯ್ಯುತ್ತಿದ್ದಾರೆ, ದಡದಲ್ಲಿ ಹೊರೆ ಕಟ್ಟಿಟ್ಟಿದ್ದಾರೆ, ಪಕ್ಕದಲ್ಲಿ ಒಂದು ಟಿವಿಎಸ್ ಎಕ್ಸೆಲ್ ನಿಂತಿದೆ. ಕೆಳಗೆ, 'ಇವರನ್ನ ಒಳಗೆ ಬಿಟ್ಟವರು ಯಾರು? ಪಕ್ಷಿಗಳಿಗೆ ತೊಂದರೆ.' ನಲವತ್ತು ಜನ ಕೈ ಎತ್ತಿದರು. ನಾನೂ ಎತ್ತಿದೆ. ಕೈ ಮುಗಿಯುವ ಚಿತ್ರ ಕೂಡ ಹಾಕಿದೆ. ಆಮೇಲೆ ಇನ್ನೊಬ್ಬರು ಮೀನಿನ ಬಲೆ ಹಾಕುವವರ ಫೋಟೋ ಹಾಕಿದರು, ಇನ್ನೊಬ್ಬರು ಎಮ್ಮೆಯದ್ದು. ಬೇಲಿ ಎತ್ತರಿಸಬೇಕು, ಗೇಟಿಗೆ ಬೀಗ ಬೇಕು, ಕ್ಯಾಮೆರಾ ಬೇಕು ಅಂತ ಸಂಜೆಯ ಹೊತ್ತಿಗೆ ಒಂದು ಅರ್ಜಿಯೇ ತಯಾರಾಯಿತು.

ಆ ಅರ್ಜಿಗೆ ಸಹಿ ಹಾಕುವ ಮೊದಲು ನಮ್ಮ ಗುಂಪಿನ ಒಬ್ಬರು, ಕೆರೆಯ ಕೆಲಸದಲ್ಲಿ ಮೊದಲಿನಿಂದ ಇದ್ದವರು, ಒಂದು ಭಾನುವಾರ ನಮ್ಮನ್ನೆಲ್ಲ ಜೊಂಡಿನ ಹತ್ತಿರ ಕರೆದರು. ಬಂದವರು ಏಳು ಜನ. ಅವರು ಭಾಷಣ ಮಾಡಲಿಲ್ಲ. ಒಂದು ಪ್ರಶ್ನೆ ಕೇಳಿದರು. ಘಟಕದಿಂದ ಹೊರಗೆ ಬರುವ ನೀರು ಕಣ್ಣಿಗೆ ತಿಳಿಯಾಗಿದೆ, ಆದರೆ ಅದರಲ್ಲಿ ಸಾರಜನಕ ಇದೆ, ರಂಜಕ ಇದೆ. ನಮ್ಮ ಸೋಪಿನದು, ನಮ್ಮ ಹೊಟ್ಟೆಯದು. ಗಿಡಕ್ಕೆ ಅದು ಗೊಬ್ಬರ. ಜೊಂಡು ಅದನ್ನು ತಿಂದು ಬೆಳೆಯುತ್ತೆ. ಸರಿ. ಬೆಳೆದ ಜೊಂಡು ಸತ್ತ ಮೇಲೆ ಎಲ್ಲಿಗೆ ಹೋಗುತ್ತೆ?

ಎಲ್ಲಿಗೂ ಹೋಗಲ್ಲ. ಅಲ್ಲೇ ಕೊಳೆಯುತ್ತೆ. ತಿಂದದ್ದನ್ನೆಲ್ಲ ವಾಪಸ್ ನೀರಿಗೆ ಬಿಡುತ್ತೆ. ಆ ಗೊಬ್ಬರ ತಿಂದು ಪಾಚಿ ಏಳುತ್ತೆ, ಅಂತರಗಂಗೆ ಹಬ್ಬುತ್ತೆ, ಕೆರೆ ಹಸಿರು ಚಾಪೆಯಾಗುತ್ತೆ. ಅಂದರೆ ಜೊಂಡು ಸೋಸುತ್ತೆ ಅನ್ನುವುದು ಅರ್ಧ ಮಾತು. ಯಾರಾದರೂ ಅದನ್ನು ಕೊಯ್ದು ಹೊರಗೆ ಹೊತ್ತುಕೊಂಡು ಹೋದರೆ ಮಾತ್ರ ಮಾತು ಪೂರ್ತಿಯಾಗುತ್ತೆ. ಹಾಗೆ ಹೊತ್ತುಕೊಂಡು ಹೋಗುವವರು ಆ ಹೆಂಗಸರು. ಅವರ ತಲೆ ಮೇಲಿನ ಹೊರೆಯಲ್ಲಿ ನಮ್ಮ ಸೋಪು, ನಮ್ಮ ಬಚ್ಚಲು ಕೆರೆಯಿಂದ ಆಚೆ ಹೋಗುತ್ತಿದೆ, ಅವರ ಮನೆಯ ಹಸುವಿನ ಹೊಟ್ಟೆಗೆ. ಮೀನು ಹಿಡಿಯುವವರೂ ಹಾಗೇ. ಕಾಟ್ಲಾ, ರೋಹು, ಗೆಂಡೆ ಅಂತ ಹಿಡಿದು ದಡದಲ್ಲೇ ತೂಗಿ ಮಾರುತ್ತಾರಲ್ಲ, ಒಂದೊಂದು ಮೀನೂ ಕೆರೆಯಿಂದ ಒಂದಿಷ್ಟು ಕೊಳೆಯನ್ನು ಮಾಂಸ ಮಾಡಿಕೊಂಡು ಹೊರಗೆ ಹೋಗುತ್ತದೆ. ಸುಮ್ನೆ ನೋಡಿಕೊಂಡು ಹೋಗುವ ನಾವು ಕೆರೆಯಿಂದ ಏನನ್ನೂ ತೆಗೆಯುವುದಿಲ್ಲ, ಪ್ರತಿದಿನ ಹಾಕುತ್ತೇವೆ ಅಷ್ಟೇ, ಪೈಪಿನಲ್ಲಿ.

ನನಗೆ ನಾಚಿಕೆಯಾಯಿತು. ಕೆರೆಗೆ ತೊಂದರೆ ಕೊಡುವವರು ಅಂತ ನಾವು ಅಂದುಕೊಂಡವರು ಕೆರೆಯ ಮೂತ್ರಪಿಂಡದ ಹಾಗೆ ಕೆಲಸ ಮಾಡುತ್ತಿದ್ದರು. ಅರ್ಜಿ ಹೋಗಲಿಲ್ಲ. ಇದೇನೂ ದೊಡ್ಡ ಗೆಲುವಲ್ಲ, ಗುಂಪಿನಲ್ಲಿ ಆ ದಿನದಿಂದ ಎರಡು ಪಕ್ಷವಾಯಿತು, ಇಬ್ಬರು ಹಿರಿಯರು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಅವರ ಮಾತಿನಲ್ಲೂ ಅರ್ಥ ಇಲ್ಲದಿಲ್ಲ. ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ ಜೊಂಡನ್ನೆಲ್ಲ ಬೋಳಿಸಿದರೆ ಜಂಬುಕೋಳಿ ಎಲ್ಲಿಗೆ ಹೋಗಬೇಕು? ಹಾಗಾಗಿ ಎಲ್ಲಿ ಕೊಯ್ಯಬೇಕು, ಯಾವಾಗ ಬಿಡಬೇಕು ಅನ್ನುವುದು ಮಾತಾಡಿ ತೀರ್ಮಾನ ಮಾಡಬೇಕಾದ ವಿಷಯ. ಆದರೆ ಮಾತಾಡಬೇಕಾದರೆ ಹುಲ್ಲು ಕೊಯ್ಯುವವರು ಒಳಗೆ ಇರಬೇಕು, ಗೇಟಿನ ಆಚೆ ಅಲ್ಲ.

ಇಲ್ಲಿ ಜನ ಸೇರಿ ಕೆಲಸ ಮಾಡುವುದು ಹೊಸದೇನಲ್ಲ. 2010ರ ಆಸುಪಾಸಿನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕೆರೆಯ ಕೆಲಸ ಮಾಡಿಸಿತು. ಜಲಪೋಷಣ್ ಅನ್ನುವ ಟ್ರಸ್ಟ್ 2015ರಲ್ಲಿ ಹುಟ್ಟಿತು. ಸುತ್ತಲಿನ ಬಡಾವಣೆಯವರು, ಹಳೇ ಜಕ್ಕೂರಿನವರು, ಮೀನಿನವರು ಎಲ್ಲರನ್ನೂ ಒಂದೇ ಕಡೆ ಕೂರಿಸಲು ನೋಡಿದ್ದು ಅದರ ದೊಡ್ಡ ಕೆಲಸ ಅಂತ ನನಗನ್ನಿಸುತ್ತದೆ. ನಗರದ ಬೇರೆ ಕಡೆಯೂ ಹೀಗೆ ಆಗಿದೆ. ಜೆ.ಪಿ. ನಗರದ ಪುಟ್ಟೇನಹಳ್ಳಿಯ ಕೆರೆ ಸುಮಾರು 13 ಎಕರೆಯದು, ಅಕ್ಕಪಕ್ಕದವರು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು, ಮರುವರ್ಷ ಪಾಲಿಕೆಯ ಜೊತೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯಲ್ಲಿ ಜನ ಸೇರಿ ವರ್ಷ ವರ್ಷ ಕೆರೆ ಹಬ್ಬ ಮಾಡುತ್ತಾ ಬಂದಿದ್ದಾರೆ. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಆ ಕೆರೆಯೇ ಆಟದ ಬಯಲು, ಪಾಠದ ಕೋಣೆ.

ಹಬ್ಬ ಅಂದೆ. ಕೆರೆ ಹಬ್ಬದ ಬಗ್ಗೆ ಮೂಗು ಮುರಿಯುವವರಿದ್ದಾರೆ. ಮಕ್ಕಳಿಗೆ ಮುಖಕ್ಕೆ ಬಣ್ಣ, ಮಣ್ಣಿನ ಗಣೇಶ ಮಾಡುವ ಕಾರ್ಯಾಗಾರ, ರಾಗಿ ಬಿಸ್ಕೆಟ್ಟಿನ ಅಂಗಡಿ, ಒಂದಿಷ್ಟು ತಮಟೆ. ಇದರಿಂದ ಕೆರೆಗೇನು ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಒಂದು ಹಬ್ಬದಲ್ಲಿ ನಮ್ಮ ಪಕ್ಕದ ಬ್ಲಾಕಿನ ಎಂಟು ವರ್ಷದ ಹುಡುಗಿ ದುರ್ಬೀನಿನಲ್ಲಿ ನಾಮದ ಕೋಳಿ ನೋಡಿದಳು. ಹಣೆಯ ಮೇಲೆ ಬಿಳಿ ನಾಮ ಇಟ್ಟುಕೊಂಡ ಕಪ್ಪು ಹಕ್ಕಿ, ತೇಲುತ್ತಾ ತೇಲುತ್ತಾ ಲಬಕ್ಕನೆ ಮುಳುಗುತ್ತದೆ. ಅದನ್ನು ನೋಡಿ ಅವಳು ನಕ್ಕ ನಗು! ಈಗ ಅವಳು ಮನೆಯಲ್ಲಿ ಸಿಂಕಿಗೆ ಎಣ್ಣೆ ಸುರಿಯಲು ಬಿಡುವುದಿಲ್ಲವಂತೆ. 'ನಾಮದ ಕೋಳಿ ತಲೆ ಮೇಲೆ ಬೀಳುತ್ತೆ' ಅಂತ ಅಪ್ಪನಿಗೆ ಬೈಯುತ್ತಾಳಂತೆ. ಬೋರ್ಡು ಓದಿಕೊಂಡಿದ್ದ ನನಗೆ ಹೊಳೆಯದ ನಂಟು ಆ ಹುಡುಗಿಗೆ ಒಂದೇ ಬೆಳಗ್ಗೆ ಹೊಳೆದಿತ್ತು.

ಆದರೂ ಹಬ್ಬ ವರ್ಷಕ್ಕೆ ಒಂದು ದಿನ. ಉಳಿದ ದಿನಗಳದ್ದು ಬೇಜಾರಿನ ಕೆಲಸ. ಜಾಲರಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಎಳೆಯುವುದು, ಕಾವಲುಗಾರನಿಗೆ ಸಂಬಳ ಬಂತೇ ಅಂತ ವಿಚಾರಿಸುವುದು, ನೀರಿನ ಬಣ್ಣ ಬದಲಾದರೆ ಫೋನ್ ಮಾಡುವುದು.

ಒಂದು ಏಪ್ರಿಲ್‌ನಲ್ಲಿ ಮೊದಲ ಮಳೆ ಜೋರಾಗಿ ಸುರಿದ ಮರುದಿನ ಬೆಳಗ್ಗೆ ಕೆರೆಗೆ ಹೋದರೆ ಅಂಚಿನಲ್ಲಿ ನೂರಾರು ಮೀನು ಮೇಲೆ ಬಂದು ಬಾಯಿ ತೆರೆದುಕೊಂಡು ಒದ್ದಾಡುತ್ತಿದ್ದವು. ಬೆಳ್ಳಕ್ಕಿಗಳಿಗೆ ಹಬ್ಬ. ನೋಡುವುದಕ್ಕೆ ಆಗುತ್ತಿರಲಿಲ್ಲ. ಬೇಸಿಗೆಯಿಡೀ ರಾಜಕಾಲುವೆಯಲ್ಲಿ, ಅಂದರೆ ಮಳೆ ನೀರಿನ ದೊಡ್ಡ ಕಾಲುವೆಯಲ್ಲಿ, ಕೂತಿದ್ದ ಕಸ, ಕೊಳಚೆ ಎಲ್ಲವನ್ನೂ ಆ ಮಳೆ ಒಂದೇ ರಾತ್ರಿಯಲ್ಲಿ ತಂದು ಹಾಕಿತ್ತು. ಅದನ್ನು ತಿನ್ನಲು ಕೂತ ಕ್ರಿಮಿಗಳು ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಹಗಲಲ್ಲಿ ಆಮ್ಲಜನಕ ಕೊಡುವ ಪಾಚಿಯೂ ರಾತ್ರಿ ಅದನ್ನೇ ಕುಡಿಯುತ್ತದೆ. ಹಾಗಾಗಿ ಬೆಳಗಿನ ಜಾವ ಮೀನಿಗೆ ಉಸಿರು ಕಟ್ಟುತ್ತದೆ. ಕೊಳಚೆಗೆ ಒಳಚರಂಡಿಯ ದಾರಿ ಬೇರೆ, ಮಳೆ ನೀರಿಗೆ ಕಾಲುವೆಯ ದಾರಿ ಬೇರೆ ಅಂತ ನಕ್ಷೆಯಲ್ಲಿ ಇರುತ್ತೆ. ಮಳೆಗೆ ನಕ್ಷೆ ಓದಲು ಬರುವುದಿಲ್ಲ.

ಆ ದಿನ ನಾನು ಹನ್ನೊಂದು ಫೋನ್ ಮಾಡಿದೆ. ಒಂದು ಆಫೀಸಿನವರು ಕೆರೆ ನಮ್ಮದು, ಆದರೆ ಕೊಳಚೆ ನಮ್ಮದಲ್ಲ ಅಂದರು. ಕೊಳಚೆಯವರು ಕಾಲುವೆ ನಮ್ಮದಲ್ಲ ಅಂದರು. ಇನ್ನೊಬ್ಬರು ಮೀನು ಸತ್ತಿದೆಯೋ ಬರೀ ಒದ್ದಾಡುತ್ತಿದೆಯೋ ಅಂತ ಕೇಳಿದರು, ಒದ್ದಾಡುತ್ತಿದೆ ಅಂದರೆ ಅದು ದೂರಿನ ಲೆಕ್ಕಕ್ಕೆ ಬರುವುದಿಲ್ಲವಂತೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ಬೀಸಿ ಮೀನು ಸುಧಾರಿಸಿಕೊಂಡವು. ನಾನು ಸುಧಾರಿಸಿಕೊಳ್ಳಲಿಲ್ಲ. ಮೀನಿನವರಲ್ಲಿ ಒಬ್ಬರು ಬಲೆ ಮಡಚುತ್ತಾ ಹೇಳಿದರು, ಮೊದಲ ಮಳೆಗೆ ಮುಂಚೆ ಕಾಲುವೆ ಬಳಿದುಬಿಟ್ಟರೆ ಇಷ್ಟು ಆಗಲ್ಲ ಸಾರ್, ನಾವು ಪ್ರತಿ ವರ್ಷ ಹೇಳ್ತೀವಿ. ಯಾರಿಗೆ ಹೇಳುತ್ತೀರಿ ಅಂತ ಕೇಳಿದೆ. ನಕ್ಕರು.

ಊರಿನಲ್ಲಿ ಇದಕ್ಕೆಲ್ಲ ಒಬ್ಬ ಮನುಷ್ಯ ಇದ್ದ. ನೀರುಗಂಟಿ. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು, ಮಳೆ ಬಿದ್ದ ರಾತ್ರಿ ಕಂದೀಲು ಹಿಡಿದುಕೊಂಡು ಏರಿಯ ಉದ್ದಕ್ಕೂ ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡುವುದು, ಎಲ್ಲ ಅವನದೇ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳು ತೆಗೆದುಕೊಂಡು ಹೋಗುತ್ತಿದ್ದ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಊರಿಗೆ ಊರೇ ಹೂಳು ಹೊರುತ್ತಿತ್ತು. ಅಮ್ಮ ಮದುವೆಯಾಗಿ ಬಂದ ವರ್ಷ ಮಂಕರಿಯಲ್ಲಿ ಹೂಳು ಹೊತ್ತಿದ್ದನ್ನು ಈಗಲೂ ಹೇಳುತ್ತಾಳೆ, ಕತ್ತು ಹಿಡಿದುಕೊಂಡು ಹದಿನೈದು ದಿನ ಮಲಗಿದ್ದಳಂತೆ. ಆ ಹೂಳು ಹೊಲಕ್ಕೆ ಗೊಬ್ಬರ. ಯಾರೂ ಕೆರೆಯ ಸೇವೆ ಅಂತ ಮಾಡುತ್ತಿರಲಿಲ್ಲ, ಹೊಲಕ್ಕೆ ಬೇಕಿತ್ತು, ಮಾಡುತ್ತಿದ್ದರು.

ಇದನ್ನು ಹೇಳಿಬಿಟ್ಟು 'ಆಗಿನ ಕಾಲ ಎಷ್ಟು ಚೆನ್ನಾಗಿತ್ತು' ಅಂತ ನಿಟ್ಟುಸಿರು ಬಿಡುವುದು ಸುಲಭ. ನಾನು ಒಂದು ಸಲ ಹಾಗೆ ಬಿಟ್ಟಾಗ ಅಮ್ಮನೇ ತಡೆದಳು. ಇಡೀ ಊರಿನ ನೀರು ಹಂಚುತ್ತಿದ್ದ ಆ ನೀರುಗಂಟಿಗೆ ಊರೊಳಗಿನ ಬಾವಿಯಲ್ಲಿ ಕೊಡ ಇಳಿಸುವ ಹಾಗಿರಲಿಲ್ಲ. ಅವನ ಹೆಂಡತಿ ಬಾವಿಕಟ್ಟೆಯ ಆಚೆ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹೊಯ್ಯಲಿ ಅಂತ ಕಾಯುತ್ತಿದ್ದಳು. ಅವನ ಅಂಗೈ ಅಗಲದ ಜಮೀನು ಅಚ್ಚುಕಟ್ಟಿನ ಕೊನೆಯಲ್ಲಿತ್ತು, ನೀರು ಕೊನೆಗೆ ಮುಟ್ಟುವ ಕಡೆ. ಅಮ್ಮ ಇದನ್ನು ಹೇಳಿ ಸುಮ್ಮನಾದಳು. ನಾನೂ ಸುಮ್ಮನಾದೆ. ಜೊಂಡು ಕೊಯ್ಯುವ ಹೆಂಗಸರ ಫೋಟೋಕ್ಕೆ ಕೈ ಎತ್ತಿದ ನಲವತ್ತು ಜನ ನೆನಪಾದರು.

ಈಗಿನ ಕೆರೆಗೆ ನೀರುಗಂಟಿ ಇಲ್ಲ. ಇರುವುದು ಒಡೆಯರು, ಬಹಳ ಜನ. ಒಡೆತನದ ಕತೆ ಬೇರೆಯೇ ಇದೆ, ಅದರಲ್ಲಿ ಯಾರು ಸರಿ ಅಂತ ಹೇಳುವುದು ಕಷ್ಟ. 2000ದ ನಂತರ ಸರ್ಕಾರ ಕೆಲವು ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಹೆಬ್ಬಾಳ ಕೆರೆ ಒಂದು, ನಮ್ಮ ಜಕ್ಕೂರಿನ ನೀರು ಒಂದರಿಂದ ಒಂದಕ್ಕೆ ಹರಿಯುವ ಕೆರೆಗಳ ಸರಪಳಿಯಲ್ಲೇ ಕೆಳಗಿರುವ ನಾಗವಾರ ಇನ್ನೊಂದು. ಕೆರೆಗೆ ಟಿಕೆಟ್ ಕೊಟ್ಟು ಹೋಗುವುದಾ ಅಂತ ಪರಿಸರದ ಕೆಲಸ ಮಾಡುವ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನವರು 2008ರಲ್ಲಿ ಹೈಕೋರ್ಟಿಗೆ ಹೋದರು. 2012ರಲ್ಲಿ ತೀರ್ಪು ಬಂತು, ಕೆರೆ ಕಾಪಾಡುವುದು ಸರ್ಕಾರದ ಹೊಣೆ ಅಂತ ಆಯಿತು. ಆಮೇಲೆ 2020ರಲ್ಲಿ ಕೆರೆಗಳ ವಿಚಾರದಲ್ಲಿ ಖಾಸಗಿಯವರ ಜೊತೆ ಹೊಸ ಒಪ್ಪಂದ ಮಾಡಿಕೊಳ್ಳಬಾರದು ಅಂತ ಹೈಕೋರ್ಟ್ ತಡೆ ಹಾಕಿತು. ದೊಡ್ಡ ಕಂಪನಿಗಳು ಕೆರೆಗೆ ತಮ್ಮ ಬೋರ್ಡು ಹಾಕಿಕೊಳ್ಳುವುದು ನಿಲ್ಲಲಿ ಅನ್ನುವುದು ಅದರ ಹಿಂದಿನ ಕಾಳಜಿ, ಅದು ನ್ಯಾಯವೇ. ಆದರೆ ಆ ಬಲೆಗೆ ಅಕ್ಕಪಕ್ಕದ ಮನೆಯವರು ಸೇರಿ ಮಾಡಿಕೊಂಡ ಸಣ್ಣ ಟ್ರಸ್ಟ್‌ಗಳೂ ಸಿಕ್ಕಿಕೊಂಡವು. ಹಳೆಯ ಒಪ್ಪಂದದ ಅವಧಿ ಮುಗಿದರೆ ಹೊಸದು ಇಲ್ಲ. ಕಾಗದವಿಲ್ಲದೆ ಕಸ ಎತ್ತಬಹುದು, ಆದರೆ ಕಾವಲುಗಾರನನ್ನು ಇಡಲು, ದೇಣಿಗೆ ಕೇಳಲು, ತಪ್ಪು ಮಾಡಿದವರನ್ನು ತಡೆಯಲು ಯಾವ ಅಧಿಕಾರವೂ ಇಲ್ಲ. ನನ್ನನ್ನು ಕೇಳಿದರೆ ಟ್ರಸ್ಟ್‌ಗಳಿಗೂ ಪೂರ್ತಿ ಕೊಡಬಾರದು. ಕೊಟ್ಟರೆ ನಮ್ಮ ವಾಟ್ಸಾಪ್ ಗುಂಪಿನಂಥವರ ಕೈಗೆ ಬೀಗದ ಕೈ ಸಿಗುತ್ತದೆ. ಕಾಗದದಲ್ಲಿ ಹುಲ್ಲಿನವರ ಹೆಸರೂ ಮೀನಿನವರ ಹೆಸರೂ ಇರಬೇಕು, ಆಗ ನೋಡೋಣ.

ಇನ್ನೊಂದು ಜಗಳದ ವಿಷಯ ಅಮ್ಮನಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಯಲಹಂಕದಲ್ಲಿ ಗ್ಯಾಸಿನಿಂದ ಕರೆಂಟ್ ಮಾಡುವ 370 ಮೆಗಾವಾಟ್ ಘಟಕ ಇದೆ, ಅದನ್ನು ತಣ್ಣಗೆ ಇಡಲು ನೀರು ಬೇಕು, ಜಕ್ಕೂರಿನ ಘಟಕದಲ್ಲಿ ಶುದ್ಧಮಾಡಿದ ನೀರನ್ನು ಅಲ್ಲಿಗೆ ಒಯ್ಯುವುದು ಅಂತ ಯೋಜನೆ ಬಂತು. ಕಾವೇರಿ ನೀರನ್ನು ಸುಡುವ ಬದಲು ಇದು ಒಳ್ಳೆಯದೇ. ಆದರೆ ಕೆರೆಗೆ ಏನು ಉಳಿಯುತ್ತೆ? ಎಷ್ಟು ಅಲ್ಲಿಗೆ, ಎಷ್ಟು ಇಲ್ಲಿಗೆ ಅಂತ ಕೆರೆಯ ಕಡೆಯವರು ಆತಂಕ ಪಟ್ಟರು. "ಬಚ್ಚಲ ನೀರಿಗೂ ಪಾಲು ಪಂಚಾಯ್ತಿನಾ!" ಅಂದಳು ಅಮ್ಮ. ಹೌದು, ಬಚ್ಚಲ ನೀರಿಗೂ. 2018ರಿಂದ ಬೆಂಗಳೂರಿನ ಶುದ್ಧಮಾಡಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಒಂದು ಕಾಲಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದ ನೀರನ್ನು ಈಗ ಪೈಪ್ ಹಾಕಿ ಕಾಯುತ್ತಾರೆ. ಇನ್ನಷ್ಟು ಚೆನ್ನಾಗಿ ಶುದ್ಧಮಾಡಿ ಕಳಿಸಿ ಅಂತ ಅಲ್ಲಿನ ಜನ ಕೇಳುತ್ತಲೇ ಇದ್ದಾರೆ, ಕೇಳಲೇಬೇಕು.

ಮೊನ್ನೆ ಮಳೆಗಾಲದಲ್ಲಿ ಅಮ್ಮ ಮತ್ತೆ ಬಂದಿದ್ದಳು. ನಾಲ್ಕು ದಿನ ಬಿಡದೆ ಮಳೆ. ಐದನೇ ದಿನ ಬೆಳಗ್ಗೆ ಕೆರೆ ಕೋಡಿ ಬಿದ್ದಿತ್ತು. ಅಮ್ಮ ಕೋಡಿಯ ಸದ್ದು ಕೇಳಿದ ತಕ್ಷಣ ಹೆಜ್ಜೆ ಜೋರು ಮಾಡಿದಳು, ಮೊಣಕಾಲು ನೋವು ಎಲ್ಲಿ ಹೋಯಿತೋ. ಊರಿನಲ್ಲಿ ಕೋಡಿ ಬಿದ್ದರೆ ಬಾಗಿನ ಬಿಡುತ್ತಿದ್ದರು, ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಬಟ್ಟೆ. ಇಲ್ಲೂ ಬಿಡುತ್ತೀಯಾ ಅಂತ ತಮಾಷೆಗೆ ಕೇಳಿದೆ.

"ಬಚ್ಚಲ ನೀರಿಗೆ ಬಾಗಿನವಾ," ಅಂದಳು. ಆದರೆ ಚಪ್ಪಲಿ ಬಿಟ್ಟು ನಿಂತಿದ್ದಳು. ಅದನ್ನು ಅವಳೂ ಗಮನಿಸಿರಲಿಲ್ಲ ಅನ್ನಿಸುತ್ತೆ.

ಸ್ವಲ್ಪ ಹೊತ್ತು ನೀರು ನೋಡಿ, "ಇದು ಮುಂದೆ ಯಾವ ಕೆರೆಗೆ?" ಅಂದಳು. ಈ ಸಲ ನನಗೆ ಉತ್ತರ ಗೊತ್ತಿತ್ತು. ಮೇಲಿನಿಂದ ಯಲಹಂಕ, ಅಳ್ಳಾಳಸಂದ್ರದ ಕಡೆಯ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಅಲ್ಲಿಂದ ನಾಗವಾರಕ್ಕೆ, ಅಂತ ಪಾಠ ಒಪ್ಪಿಸಿದೆ.

"ರಾಚೇನಹಳ್ಳಿಯೋರು ಏನಂತಾರೆ ನಮ್ಮ ನೀರಿಗೆ?"

ನಮ್ಮ ನೀರು. ಎರಡು ಬಕೆಟ್ ಸುರಿದುಕೊಂಡವಳಿಗೆ ಆಗಲೇ ಅದು ನಮ್ಮ ನೀರು. ಅವರನ್ನು ನಾನು ಯಾವತ್ತೂ ಕೇಳಿರಲಿಲ್ಲ. ಊರಿನಲ್ಲಾದರೆ ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಊರಿಗೆ ಹೇಳಿ ಕಳಿಸುತ್ತಿದ್ದರಂತೆ, ಏರಿ ನೋಡಿಕೊಳ್ಳಲಿ ಅಂತ. ಇಲ್ಲಿ ನಮಗೆ ನಮ್ಮ ಕೆರೆಯ ಗುಂಪು, ಅವರಿಗೆ ಅವರ ಕೆರೆಯ ಗುಂಪು. ನೀರು ಮಾತ್ರ ಎರಡೂ ಗುಂಪಿನಲ್ಲಿ.

ಆ ಶನಿವಾರ ಆಟೋ ಮಾಡಿಕೊಂಡು ಇಬ್ಬರೂ ರಾಚೇನಹಳ್ಳಿ ಕೆರೆಗೆ ಹೋದೆವು. ಮಳೆ ಬಿಟ್ಟಿತ್ತು. ನೀರು ಒಳಗೆ ಬರುವ ಕಡೆ ನಾಲ್ಕೈದು ಜನ ಗಮ್‌ಬೂಟು ಹಾಕಿಕೊಂಡು ಜಾಲರಿ ಬಿಡಿಸುತ್ತಿದ್ದರು. ದಡದಲ್ಲಿ ಒದ್ದೆ ಗುಡ್ಡೆ: ಹಾಲಿನ ಕವರು, ಥರ್ಮಾಕೋಲು, ಹೂವಿನ ಹಾರ, ಒಂಟಿ ಚಪ್ಪಲಿಗಳು, ಒಂದು ಕ್ರಿಕೆಟ್ ಹೆಲ್ಮೆಟ್ಟು. ಅವರಲ್ಲಿ ಒಬ್ಬ ಹುಡುಗ ಎಲ್ಲಿಂದ ಬಂದಿರಿ ಅಂತ ಕೇಳಿದ. ಜಕ್ಕೂರು ಅಂದೆ.

"ಓ, ಮೇಲಿನ ಕೆರೆಯವರಾ," ಅಂತ ಗುಡ್ಡೆಯ ಕಡೆ ಕೈ ತೋರಿಸಿ ನಕ್ಕ. "ತಗೊಳ್ಳಿ ಸಾರ್, ನಿಮ್ಮ ಸಾಮಾನೆಲ್ಲ ಇಲ್ಲೇ ಇದೆ."

ನಾನು ಏನೋ ಹೇಳಲು ಬಾಯಿ ತೆರೆದೆ, ರಾಜಕಾಲುವೆಯ ಬಗ್ಗೆ, ನಡುವೆ ಸೇರುವ ಬೇರೆ ಚರಂಡಿಗಳ ಬಗ್ಗೆ. ಇದೆಲ್ಲ ನಮ್ಮದಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಒಳ್ಳೆಯ ಕಾರಣಗಳಿದ್ದವು. ಪಕ್ಕಕ್ಕೆ ತಿರುಗಿ ನೋಡಿದರೆ ಅಮ್ಮ ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಕರಿ ಇದೆಯಾ ಅಂತ ಆ ಹುಡುಗನನ್ನು ಕೇಳುತ್ತಿದ್ದಳು.